ಷರಾ: ಅಜ್ಜಿ ಮನೆಗೆ ಹೋಗಿದ್ದಾನೆ

ಇದು ಮೊದಲ ವಾಕ್ಯ ಆಗಬಾರದಿತ್ತು. ಈ ಫೈಲಿನ ಹೆಸರು ‘ಸಿನಾಪ್ಸಿಸ್ ಫೈನಲ್ ೪’. ಇದರ ಮೊದಲ ವಾಕ್ಯ ಇಂಗ್ಲಿಷಿನಲ್ಲಿರಬೇಕಿತ್ತು, ಅದರಲ್ಲಿ ‘ಡೇಟಾ’ ಎಂಬ ಪದ ಕನಿಷ್ಠ ಎರಡು ಸಲ ಬರಬೇಕಿತ್ತು, ಓದಿದವರಿಗೆ ಆಕಳಿಕೆ ಬರಬೇಕಿತ್ತು. ಅದರ ಬದಲು ಕನ್ನಡದಲ್ಲಿ ಕಥೆಯೊಂದು ಶುರುವಾಗಿಬಿಟ್ಟಿದೆ. ಶುರುವಾಗಿದೆ ಎಂದು ನನಗೂ ಖಾತ್ರಿ ಇಲ್ಲ. ನೀವು ಎರಡು ಪ್ಯಾರಾ ಓದಿ ನೋಡಿ. ಶುರುವಾದ ಹಾಗೆ ಅನ್ನಿಸಿದರೆ ಮುಂದೆ ಹೋಗೋಣ.

ಅನ್ನಿಸಲಿಲ್ಲವೇ? ಸರಿ, ಇನ್ನೊಮ್ಮೆ.

೧

ನಾನು ಮಾಲತೇಶ್. ವಯಸ್ಸು ಮೂವತ್ತೆಂಟು. ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಅತಿಥಿ. (ಇಷ್ಟು ವರ್ಷ ಅತಿಥಿಯೊಬ್ಬನನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ. ಕಾಲೇಜಿನವರು ದೊಡ್ಡ ಮನಸ್ಸಿನವರು.) ಮುಂದೆಯೂ ಅತಿಥಿಯಾಗಿಯೇ ಇರಬೇಕಾದರೆ ಪಿಎಚ್.ಡಿ. ಬೇಕು ಎಂಬ ಮಾತು ಹಬ್ಬಿದ್ದರಿಂದ ಮಾಹಿತಿ ತಂತ್ರಜ್ಞಾನದಲ್ಲಿ ಸಂಶೋಧನೆಗೆ ಹೆಸರು ಹಚ್ಚಿದ್ದೇನೆ. ಸಂಶೋಧನೆ ಇನ್ನೂ ಆಗಿಲ್ಲ. ಸಂಶೋಧನೆ ಮಾಡುತ್ತೇನೆ ಎಂಬ ಯೋಜನೆಯೇ, ಅಂದರೆ ಸಿನಾಪ್ಸಿಸ್ಸೇ, ಮೂರು ಸಲ ವಾಪಸ್ ಬಂದಿದೆ. ನಾಲ್ಕನೆಯದು ಶುಕ್ರವಾರ ಸಂಜೆ ಐದರೊಳಗೆ ಗೈಡಿಗೆ ಮೇಲ್ ಆಗಬೇಕು.

ಇವತ್ತು ಶುಕ್ರವಾರ. ಈಗ ಮಧ್ಯಾಹ್ನ ಎರಡೂವರೆ.

ಗೈಡ್ ಹೆಸರು ರೇಣುಕಾಪ್ರಸಾದ್. ನನಗಿಂತ ಐದು ವರ್ಷ ಚಿಕ್ಕವರು. ನಾನು ಅವರಿಗೆ ಸರ್ ಎನ್ನುತ್ತೇನೆ, ಅವರು ನನಗೆ ಮಾಲತೇಶ್ ಎನ್ನುತ್ತಾರೆ. ಕೆಟ್ಟವರಲ್ಲ. ಮೂರನೇ ಸಲ ವಾಪಸ್ ಕಳಿಸುವಾಗ ಫೋನ್ ಮಾಡಿ, ‘ಬೇಜಾರಾಗಬ್ಯಾಡ್ರಿ, ಪ್ರಾಬ್ಲಂ ಏನು ಅಂತ ಒಂದ್ ಸಾಲಿನಾಗ ಹೇಳ್ರಿ ಸಾಕು’ ಎಂದರು. ನನ್ನ ಪ್ರಾಬ್ಲಂ ಒಂದು ಸಾಲಿನಲ್ಲಿ ಬರುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ.

೨

ಅವ್ವ ಈಗಷ್ಟೇ ಚಹಾ ತಂದು ಲ್ಯಾಪ್‌ಟಾಪಿನ ಎಡಕ್ಕೆ ಇಟ್ಟುಹೋದಳು. ಯಾವಾಗಲೂ ಎಡಕ್ಕೇ ಇಡುತ್ತಾಳೆ. ಕಪ್ಪಿನ ಹಿಡಿಯನ್ನೂ ಎಡಕ್ಕೇ ತಿರುಗಿಸಿರುತ್ತಾಳೆ. ನಾನು ಬಲಗೈಯವನು. ಕಪ್ಪನ್ನು ಈಚೆಗೆ ಎಳೆದು, ತಿರುಗಿಸಿಕೊಂಡು ಕುಡಿಯುತ್ತೇನೆ. ಚಿಕ್ಕವನಿದ್ದಾಗ ಹಾಲಿನ ಲೋಟವೂ ಎಡಗಡೆಗೇ ಬರುತ್ತಿತ್ತು. ಅವಳ ಅಭ್ಯಾಸ ಎಂದು ಬಿಟ್ಟಿದ್ದೇನೆ. ಬಿಸಿ ಇದ್ದರೆ ಸಾಕು.

ಅವ್ವನ ಹೆಸರು ಹೂವಮ್ಮ. ಅಪ್ಪ ಕೆಂಪಪ್ಪ ತೀರಿಕೊಂಡ ಮೇಲೆ ನನ್ನ ಜೊತೆ ಇಲ್ಲೇ, ಶಿಕಾರಿಪುರದ ಈ ಬಾಡಿಗೆ ಮನೆಯಲ್ಲಿದ್ದಾಳೆ. ನನ್ನ ಹೆಂಡತಿ ಸುನಿತಾ ಬ್ಯಾಂಕಿಗೆ ಹೋಗಿದ್ದಾಳೆ, ಆರು ಗಂಟೆಯವರೆಗೆ ಕಥೆಗೆ ಬರುವುದಿಲ್ಲ. ಅವ್ವ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಸಿಪ್ಪೆ ಬಿಡಿಸುವ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಅವಳಿಗೂ ನನಗೂ ಮಧ್ಯೆ ಒಂದು ಗೋಡೆ, ಒಂದು ಕರ್ಟನ್, ಮತ್ತೆ ನಾನು ಎರಡು ತಿಂಗಳಿಂದ ಕೇಳದೆ ಇಟ್ಟುಕೊಂಡಿರುವ ಒಂದು ಪ್ರಶ್ನೆ.

೪

(ಮೂರನೆಯದನ್ನು ಅಳಿಸಿದ್ದೇನೆ. ಅದರಲ್ಲಿ ಮಳೆ ಬರುತ್ತಿತ್ತು. ಡಿಸೆಂಬರಿನಲ್ಲಿ ಎಂಥ ಮಳೆ?)

ನನ್ನ ವಿಷಯ ಹೀಗಿದೆ. ಹಳ್ಳಿಯ ಹಳೇ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿದರೆ ಒಬ್ಬನೇ ಮನುಷ್ಯ ಎರಡು ಮೂರು ಸಲ ನುಗ್ಗಿಬಿಡುತ್ತಾನೆ. ಒಂದು ಪುಟದಲ್ಲಿ ಮಂಜಪ್ಪ, ಇನ್ನೊಂದರಲ್ಲಿ ಮಂಜುನಾಥ, ಮತ್ತೊಂದರಲ್ಲಿ ಎಂ. ನಾಥ. ಇಂಥವರನ್ನೆಲ್ಲ ಹಿಡಿದು ಒಬ್ಬನನ್ನಾಗಿ ಮಾಡುವ ಪ್ರೋಗ್ರಾಂ ನನ್ನದು. ಎರಡು ಸಾಲುಗಳು ಎಷ್ಟು ಹೋಲುತ್ತವೆ ಎಂದು ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುತ್ತದೆ. ಅಂಕ ಜಾಸ್ತಿ ಬಂದರೆ ಡೂಪ್ಲಿಕೇಟ್, ಒಂದು ಸಾಲು ಡಿಲೀಟ್.

ಡೇಟಾ ಬೇಕಲ್ಲ. ದಸರಾ ರಜೆಯಲ್ಲಿ ನನ್ನೂರಿಗೆ ಹೋದೆ. ಸೊರಬ ತಾಲ್ಲೂಕು, ಹೊಸಬಾಳೆಯ ಆಚೆ. ಹೆಸರು ಬರೆಯುವುದಿಲ್ಲ, ಊರವರು ಓದಿ ಬಯ್ಯುತ್ತಾರೆ. (ಓದುವುದಿಲ್ಲ. ಆದರೂ.) ಅಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿ ನಿವೃತ್ತರಾದ ಈಶ್ವರಮ್ಮ ಹಳೇ ಹಾಜರಿ ಪುಸ್ತಕಗಳ ನಕಲುಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಎಲ್ಲದರ ಫೋಟೊ ಹೊಡೆದುಕೊಂಡು ಬಂದೆ. ಎರಡು ವಾರ ಕೂತು ಟೈಪ್ ಮಾಡಿದೆ. ಕ್ರಮ ಸಂಖ್ಯೆ, ಮಗುವಿನ ಹೆಸರು, ತಂದೆ, ತಾಯಿ, ಹುಟ್ಟಿದ ತಾರೀಖು, ಕೊನೆಗೆ ಷರಾ. ಎಂಟುನೂರ ಹನ್ನೆರಡು ಮಕ್ಕಳು. ಹುಟ್ಟಿದ ತಾರೀಖನ್ನು ನಂಬಬೇಡ ಎಂದು ಪ್ರೋಗ್ರಾಮಿಗೆ ನಾನೇ ಹೇಳಿಕೊಟ್ಟೆ. ನಮ್ಮ ಕಡೆ ಅರ್ಧ ಊರು ಜೂನ್ ಒಂದನೇ ತಾರೀಖಿಗೆ ಹುಟ್ಟಿದೆ.

ಪ್ರೋಗ್ರಾಂ ಓಡಿಸಿದೆ. ಮೂವತ್ತೇಳು ಜೋಡಿ ಡೂಪ್ಲಿಕೇಟ್ ಸಿಕ್ಕವು. ಪಟ್ಟಿಯ ನೆತ್ತಿಯ ಮೇಲೆ, ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ ಜೋಡಿ ಇದು:

೨೧೧. ಮಾಲತೇಶ್. ತಂದೆ ಕೆಂಪಪ್ಪ. ತಾಯಿ ಹೂವಮ್ಮ. ಸೇರಿದ್ದು ೧೯೮೬. ಷರಾ: ಅಜ್ಜಿ ಮನೆಗೆ ಹೋಗಿದ್ದಾನೆ.

೨೬೮. ಮಾಲತೇಶ್. ತಂದೆ ಕೆಂಪಪ್ಪ. ತಾಯಿ ಹೂವಮ್ಮ. ಸೇರಿದ್ದು ೧೯೯೦. ಷರಾ: ಒಂದನೇ ತರಗತಿಗೆ.

ನಾನು ಹುಟ್ಟಿದ್ದು ೧೯೮೭ರಲ್ಲಿ. ಹುಟ್ಟುವ ಒಂದು ವರ್ಷ ಮೊದಲೇ ಅಂಗನವಾಡಿಗೆ ಸೇರುವಷ್ಟು ಓದಿನ ಆಸೆ ನನಗಿರಲಿಲ್ಲ. ಇದ್ದಿದ್ದರೆ ಇಷ್ಟೊತ್ತಿಗೆ ಪಿಎಚ್.ಡಿ. ಮುಗಿದಿರುತ್ತಿತ್ತು.

೫

ಈಶ್ವರಮ್ಮನಿಗೆ ಫೋನ್ ಮಾಡಿದೆ. ಎರಡೂ ಸಾಲು ಓದಿ ಹೇಳಿದೆ.

‘ನಿಂಗೆ ಹೇಳಿಲ್ವಾ ಮಾರಾಯಾ ನಿಮ್ಮನೇಲಿ?’

‘ಏನು ಹೇಳ್ಬೇಕಿತ್ತು?’

‘ನಿನ್ನ ಅಣ್ಣ ಅವನು. ಮೂರು ದಿನದ ಜ್ವರ, ಅಷ್ಟೇ. ಮೂರೂವರೆ ವರ್ಷದ ಮಗೀನ ಮುಂದೆ ಮೃತ ಅಂತ ಬರ್ಯಕ್ಕೆ ನಂಗೆ ಕೈ ಬರ್ಲಿಲ್ಲ. ಮೇಲಿನವ್ರು ಬಂದು ಪುಸ್ತಕ ನೋಡ್ತಾರೆ, ಏನಾದ್ರೂ ಬರೀಬೇಕಲ. ಅಜ್ಜಿ ಮನೆಗೆ ಹೋಗಿದಾನೆ ಅಂತ ಬರ್ದೆ.’

‘ಮತ್ತೆ ಅವನ ಹೆಸರನ್ನೇ ನನಗೆ ಯಾಕೆ...’

‘ಹರಕೆ ಹೆಸರು ಅದು. ಮಕ್ಳಾದ್ರೆ ನಿನ್ನ ಹೆಸರು ಇಡ್ತೀವಿ ಅಂತ ಮಾಲತೇಶ ದೇವರ ಹತ್ರ ಹೇಳ್ಕಂಡಿದ್ರು ನಿಮ್ಮಪ್ಪ. ಹುಡುಗ ಹೋದ ಅಂತ ಹೆಸರು ವಾಪಸ್ ತಗಳಕ್ಕೆ ಬರುತ್ತಾ? ಮುಂದಿನವನಿಗೆ ಇಟ್ರು.’

ಫೋನ್ ಇಡುವ ಮೊದಲು ಅವರೇ ಮತ್ತೆ ಹೇಳಿದರು: ‘ಪುಸ್ತಕದಾಗೆ ಅಜ್ಜಿ ಮನೆಗೆ ಹೋದವ್ರೆಲ್ಲ ಹಂಗೇ ಅಂದ್ಕಬೇಡ. ಹನ್ನೊಂದು ಜನ ಇದಾರೆ. ಅದ್ರಾಗೆ ನಾಕು ಜನ ನಿಜವಾಗ್ಲೂ ಅಜ್ಜಿ ಮನೆಗೇ ಹೋಗಿದ್ರು.’

ಯಾವ ನಾಲ್ಕು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ರೇಣುಕಾಪ್ರಸಾದ್ ಸರ್ ಕೇಳಿದ ಪ್ರಾಬ್ಲಂ ಇದೇ ಎಂದು ಆಗಲೇ ಹೊಳೆಯಬೇಕಿತ್ತು. ಆದರೆ ನನಗೆ ಆಗ ಹೊಳೆದದ್ದು ಬೇರೆ. ಅವ್ವ ದಿನಾ ‘ಮಾಲತೇಶಾ’ ಎಂದು ಕೂಗುತ್ತಾಳಲ್ಲ, ಅದು ಯಾರಿಗೆ? ಮೂವತ್ತೆಂಟು ವರ್ಷ ನಾನು ‘ಹ್ಞಾಂ ಅವ್ವಾ’ ಎಂದು ಓಗೊಟ್ಟಿದ್ದೇನೆ. ಬೇರೆಯವರ ಕರೆಗೆ ಓಗೊಟ್ಟೆನೇ? ಅವಳ ಲೆಕ್ಕದಲ್ಲಿ ನಾನು ಎರಡನೇ ಮಗನೋ, ಅಜ್ಜಿ ಮನೆಯಿಂದ ವಾಪಸ್ ಬಂದ ಮೊದಲನೆಯವನೋ? ಕೇಳಬೇಕಾದ ಪ್ರಶ್ನೆ ಇದು. ಭಯವಾಗುತ್ತದೆ, ಮುಚ್ಚುಮರೆ ಯಾಕೆ?

ಆದ್ದರಿಂದ ದಿವ್ಯಳನ್ನು ಹುಟ್ಟಿಸಿದೆ.

೬. ಡ್ರಾಫ್ಟ್ ಒಂದು

(ಗಮನಿಸಿ: ದಿವ್ಯ ಮಾತ್ರ ನಾನು ಕಟ್ಟಿದವಳು. ಉಳಿದವರು ನಿಜ. ಅಂದರೆ, ಈ ಕಥೆಯ ಮಟ್ಟಿಗೆ ನಿಜ.)

ದಿವ್ಯ ಕುಬಟೂರಿನವಳು, ಇಪ್ಪತ್ತನಾಲ್ಕು ವರ್ಷ, ಎಂ.ಟೆಕ್. ವಿದ್ಯಾರ್ಥಿನಿ. ಅವಳಿಗೂ ಒಂದು ಸಿನಾಪ್ಸಿಸ್, ಅವಳಿಗೂ ಒಬ್ಬ ಗೈಡ್. ನನ್ನ ಡೇಟಾವನ್ನೆಲ್ಲ ಅವಳಿಗೆ ಕೊಟ್ಟೆ. ಒಂದು ಸ್ಕೂಟಿಯನ್ನೂ ಕೊಟ್ಟೆ. ಮಾಲತೇಶ್ ಎಂಬ ಹೆಸರು ಎರಡು ಸಲ ಬಂದದ್ದನ್ನು ನೋಡಿ ಅವಳು ಹೂವಮ್ಮನ ಮನೆ ಹುಡುಕಿಕೊಂಡು ಹೋಗುತ್ತಾಳೆ. ಹೆಂಚಿನ ಮನೆ, ಸಗಣಿ ಸಾರಿಸಿದ ಅಂಗಳ. ಬಾಗಿಲು ತಟ್ಟುತ್ತಾಳೆ. ಹೂವಮ್ಮ ಬಾಗಿಲು ತೆರೆಯುತ್ತಾಳೆ. ದಿವ್ಯ ಕೇಳುತ್ತಾಳೆ. ಹೂವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡು—

‘ಸಾರ್,’ ದಿವ್ಯ ಅಂಗಳದಿಂದಲೇ ನನ್ನ ಕಡೆ ತಿರುಗಿದಳು. ‘ಇದು ಬೇಡ.’

‘ಯಾಕಮ್ಮ?’

‘ಸೆರಗು ಬಾಯಿಗೆ ಒತ್ಕೊಂಡು ಅಳೋದು ಎಲ್ಲ ಕಥೇಲೂ ಐತಿ ಸಾರ್. ಆ ಯಮ್ಮ ಅಳೋರ ತರ ಕಾಣಲ್ಲ. ನನ್ನನ್ನೇ ಬೈಯೋರ ತರ ಕಾಣ್ತಾರೆ.’

ನಿಜ. ಅವ್ವ ಅತ್ತದ್ದನ್ನು ನಾನು ನೋಡಿಲ್ಲ. ಅಪ್ಪ ಹೋದ ದಿನವೂ ಬಂದವರಿಗೆಲ್ಲ ಊಟ ಆಯಿತಾ ಎಂದು ವಿಚಾರಿಸಿಕೊಂಡು ಓಡಾಡಿದವಳು. ಡ್ರಾಫ್ಟ್ ಒಂದನ್ನು ಕೈಬಿಟ್ಟೆ.

೭. ಡ್ರಾಫ್ಟ್ ಎರಡು

ಈ ಸಲ ದಿವ್ಯ ಬಾಗಿಲು ತಟ್ಟುವುದಿಲ್ಲ. ಅಂಗಳದವರೆಗೆ ಹೋಗಿ, ಕೇಳುವುದು ತಪ್ಪು ಎಂದು ತಿಳಿದು, ಸ್ಕೂಟಿ ತಿರುಗಿಸುತ್ತಾಳೆ. ಶಿರಾಳಕೊಪ್ಪದ ಬೇಕರಿಯಲ್ಲಿ ಒಂದು ದಿಲ್‌ಪಸಂದ್ ತಿನ್ನುತ್ತಾಳೆ. ಸೂಕ್ಷ್ಮವಾದ ಅಂತ್ಯ. ಏನೂ ಆಗುವುದಿಲ್ಲ, ಆದರೆ ಏನೋ ಆದ ಹಾಗೆ ಓದುಗರಿಗೆ ಅನ್ನಿಸುತ್ತದೆ. ವಿಮರ್ಶಕರು ಇಂಥದ್ದನ್ನು ‘ಮೌನ’ ಎನ್ನುತ್ತಾರೆ.

ದಿವ್ಯ ದಿಲ್‌ಪಸಂದ್ ಅರ್ಧಕ್ಕೆ ಇಟ್ಟಳು. ‘ಸಾರ್, ಇದು ಮೌನ ಅಲ್ಲ, ಹೆದ್ರಿಕೆ.’

‘ನಿನಗೇನು ಗೊತ್ತು?’

‘ನಂಗೆ ಗೊತ್ತಿರೋದೆಲ್ಲ ನಿಮಗೆ ಗೊತ್ತಿರೋದೇ ಅಲ್ವಾ? ಬಿಸಿಲಾಗೆ ಅಷ್ಟು ದೂರ ಎರಡು ಸಲ ಓಡಾಡ್ಸಿದ್ರಿ. ಆ ಹೆಂಚಿನ ಮನೇಲಿ ಈಗ ಯಾರಿದಾರೆ? ನಿಮ್ಮವ್ವ ನಿಮ್ಮನೇಲೇ ಕೂತು ಅವರೆಕಾಯಿ ಸುಲೀತಿದಾರೆ. ಎದ್ದು ಹೋಗಿ ಕೇಳ್ರಿ. ನಿಮ್ಮವ್ವನ್ನ ನಾನ್ಯಾಕೆ ಕೇಳ್ಲಿ?’

ಇಂಥ ಹೊತ್ತಿನಲ್ಲಿ ಲೇಖಕರು ಪಾತ್ರವನ್ನು ಕೊಂದುಬಿಡುತ್ತಾರೆ. ನನಗೆ ಮನಸ್ಸಾಗಲಿಲ್ಲ. ದಿವ್ಯ ಅಜ್ಜಿ ಮನೆಗೆ ಹೋದಳು ಎಂದು ಬರೆದೆ. ಬರೆದ ಮೇಲೆ ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಮೃತ ಎಂದು ಬರೆಯಲು ಈಶ್ವರಮ್ಮನಿಗೆ ಯಾಕೆ ಕೈ ಬರಲಿಲ್ಲ ಎಂದು ಆಗ ಅರ್ಥವಾಯಿತು.

ಗಂಟೆ ಮೂರು ಮುಕ್ಕಾಲು

ರೇಣುಕಾಪ್ರಸಾದ್ ಸರ್ ಫೋನ್.

‘ಏನ್ರೀ ಮಾಲತೇಶ್, ಎಲ್ಲಿಗೆ ಬಂತು?’

‘ಬರೀತಿದೀನಿ ಸರ್.’ ಸುಳ್ಳಲ್ಲ. ಬರೆಯುತ್ತಿದ್ದೆ.

‘ಸ್ಯಾಂಪಲ್ ರಿಸಲ್ಟ್ ಹಾಕ್ರಿ, ಕಮಿಟಿಯವ್ರಿಗೆ ಅದು ಚಲೋ ಕಾಣ್ತದ.’

‘ಸರ್, ಅದರಲ್ಲೇ ಒಂದು ತೊಂದರೆ. ಹೆಸರು, ತಂದೆ, ತಾಯಿ ಎಲ್ಲಾ ಒಂದೇ ಇದ್ದೂ ಡೂಪ್ಲಿಕೇಟ್ ಅಲ್ಲದೆ ಇರೋ ಜೋಡಿ ಇದಾವೆ. ಮೊದಲನೇ ಮಗು ತೀರಿಕೊಂಡ್ರೆ ಎರಡನೇದಕ್ಕೆ ಅದೇ ಹೆಸರು ಇಡ್ತಾರೆ.’

‘ಎಷ್ಟು ಅದಾವು ಅಂಥಾವು?’

‘ನನಗೆ ಗೊತ್ತಿರೋದು ಒಂದು.’

‘ಎಂಟುನೂರರಾಗ ಒಂದು!’ ಅವರು ನಕ್ಕರು. ‘ಅದು ನಾಯ್ಸ್ ರೀ. ಒಂದು ಸಾಲು ತಗದು ಕ್ಲೀನ್ ಮಾಡ್ರಿ. ಆಕ್ಯುರಸಿ ತಾನಾಗೇ ಏರ್ತದ.’

ನಾಯ್ಸ್ ಎಂದರೆ ಗದ್ದಲ. ಮೂರೂವರೆ ವರ್ಷದ ಹುಡುಗ ಗದ್ದಲ ಮಾಡಿಯೇ ಮಾಡಿರುತ್ತಾನೆ. ಆಯಿತು ಸರ್ ಎಂದೆ. ಹದಿಮೂರು ವರ್ಷದಿಂದ ನಾನು ಎಲ್ಲರಿಗೂ ಆಯಿತು ಸರ್ ಎಂದೇ ಹೇಳುತ್ತ ಬಂದಿದ್ದೇನೆ. ನಿಜ ಹೇಳುತ್ತೇನೆ, ಸುಸ್ತಾಗಿದೆ.

ಅಂತ್ಯಗಳು (ನಿಮಗೆ ಬೇಕಾದ್ದು ಆರಿಸಿಕೊಳ್ಳಿ, ನನಗೆ ಐದು ಗಂಟೆಗೆ ಡೆಡ್‌ಲೈನ್)

ಅಂತ್ಯ ಅ: ೨೧೧ನ್ನು ಡಿಲೀಟ್ ಮಾಡುತ್ತೇನೆ. ಆಕ್ಯುರಸಿ ಏರುತ್ತದೆ. ಸಿನಾಪ್ಸಿಸ್ ಪಾಸಾಗುತ್ತದೆ. ನಾಲ್ಕು ವರ್ಷದ ಮೇಲೆ ನನ್ನ ಹೆಸರಿನ ಮುಂದೆ ಡಾ. ಬರುತ್ತದೆ. ಯಾರ ಹೆಸರಿನ ಮುಂದೆ ಎಂದು ಕೇಳಬೇಡಿ.

ಅಂತ್ಯ ಆ: ತಪ್ಪಿ ೨೬೮ ಡಿಲೀಟ್ ಆಗುತ್ತದೆ. ಕಥೆ ಇಲ್ಲಿಗೇ ನಿಲ್ಲುತ್ತದೆ, ಬರೆಯುವವನೇ ಇಲ್ಲವಲ್ಲ. (ಜಾಣತನದ ಅಂತ್ಯ. ನನಗೆ ಇಷ್ಟವಾಗಲಿಲ್ಲ. ದಿವ್ಯ ಇದ್ದಿದ್ದರೆ ಮುಖಕ್ಕೇ ಹೇಳುತ್ತಿದ್ದಳು.)

ಅಂತ್ಯ ಇ: ಎರಡನ್ನೂ ಸೇರಿಸಿ ಒಂದು ಮಾಡುತ್ತೇನೆ. ಆಗ ೧೯೮೬ರಲ್ಲಿ ಅಂಗನವಾಡಿಗೆ ಸೇರಿ, ಜ್ವರ ಬಂದು, ಅಜ್ಜಿ ಮನೆಗೆ ಹೋಗಿ, ಅಲ್ಲಿಂದ ಬಂದು, ಒಂದನೇ ತರಗತಿಗೆ ಹೋದ ಒಬ್ಬನೇ ಹುಡುಗ ಸಿಗುತ್ತಾನೆ. ಅವ್ವನ ಮನಸ್ಸಿನಲ್ಲಿ ಇರುವುದು ಇದೇ ಆಗಿದ್ದರೆ? ಎರಡು ತಿಂಗಳಿಂದ ನಾನು ಹೆದರಿರುವುದು ಈ ಅಂತ್ಯಕ್ಕೆ.

ಅಂತ್ಯ ಈ:

ಇದನ್ನು ನಾನು ಬರೆದದ್ದಲ್ಲ. ‘ಅಂತ್ಯ ಈ’ ಎಂದು ಟೈಪ್ ಮಾಡಿ ಯೋಚಿಸುತ್ತ ಕೂತಿದ್ದೆ. ಅವರೆಕಾಯಿ ಸದ್ದು ನಿಂತದ್ದು ಗೊತ್ತಾಗಲಿಲ್ಲ. ಅವ್ವ ಸಂಜೆಯ ಚಹಾ ಹಿಡಿದು ಹಿಂದೆ ನಿಂತಿದ್ದಳು.

ಪರದೆಯ ಮೇಲೆ ಪಕ್ಕದಲ್ಲೇ ತೆರೆದಿದ್ದ ಪಟ್ಟಿಯಲ್ಲಿ ೨೧೧, ೨೬೮ ಎರಡೂ ಸಾಲುಗಳು ಹಳದಿ ಬಣ್ಣದಲ್ಲಿ ಹೊಳೆಯುತ್ತಿದ್ದವು. ಅವ್ವನಿಗೆ ಅಕ್ಷರ ಕೂಡಿಸಿಕೊಂಡು ಓದಲು ಬರುತ್ತದೆ. ಈಶ್ವರಮ್ಮನೇ ಅಂಗನವಾಡಿಯ ಜಗಲಿ ಮೇಲೆ ಊರ ಹೆಂಗಸರಿಗೆಲ್ಲ ಕಲಿಸಿದ್ದರು. ಮುಚ್ಚಿಬಿಡೋಣ ಎಂದು ಕೈ ಎತ್ತಿದೆ.

‘ತಡಿಯಾ,’ ಎಂದಳು.

ಕಪ್ಪನ್ನು ಎಡಗಡೆ ಇಟ್ಟು, ಬಗ್ಗಿ, ಪರದೆಯ ಮೇಲೆ ಬೆರಳಿಟ್ಟಳು. ಬೆರಳಿಗೆ ಅವರೆಯ ಸೊಗಡು ಅಂಟಿತ್ತು.

‘ಮಾ, ಲ, ತೇಶ.’ ಬೆರಳು ಕೆಳಗಿಳಿಯಿತು. ‘ಮಾ, ಲ, ತೇಶ.’ ಆಮೇಲೆ ಷರಾ ಕಾಲಂ ತನಕ ನಿಧಾನ ಸರಿಯಿತು. ‘ಅಜ್ಜಿ ಮನೆಗೆ...’ ಅಲ್ಲಿಗೆ ನಿಲ್ಲಿಸಿದಳು. ‘ಈಶ್ವರಮ್ಮ ಬರ್ದಿದ್ದಾ?’

‘ಹೌದವ್ವ.’

‘ಒಳ್ಳೇದು ಬರ್ದಿದಾಳೆ.’

ಕೇಳಿದೆ. ದಿವ್ಯ ಕೇಳಬೇಕಾದ್ದನ್ನು ನಾನೇ ಕೇಳಿದೆ. ಎರಡು ತಿಂಗಳು ಪಾಲಿಶ್ ಮಾಡಿಟ್ಟುಕೊಂಡಿದ್ದ ಪ್ರಶ್ನೆ ಬಾಯಿಂದ ಬರುವಾಗ ಅಡ್ಡಾದಿಡ್ಡಿಯಾಗಿ ಬಂತು. ‘ಅವ್ವಾ, ನೀನು ನನ್ನ ಕೂಗೋದು... ಅವನು ಅಂತಾನಾ, ನಾನು ಅಂತಾನಾ?’

ಅವ್ವ ನನ್ನ ಮುಖ ನೋಡಿದಳು. ದಿವ್ಯ ಹೇಳಿದ್ದು ಸರಿ, ಬೈಯುವವಳ ಮುಖ.

‘ಥೂ, ಇಷ್ಟು ಓದಿ ಇದನ್ನಾ ಕಲ್ತಿದ್ದು? ಹೆತ್ತೋಳಿಗೆ ಯಾರು ಯಾರು ಅಂತ ಗೊತ್ತಾಗಲ್ವಾ? ಅವನು ಎಡಚ. ಹಾಲಿನ ಲೋಟ ಎಡಗೈಲೇ ಹಿಡಿಯವ. ಎಷ್ಟು ಹೊಡೆದ್ರೂ ಬಿಡ್ಲಿಲ್ಲ. ಹೊಡೀಬಾರ್ದಿತ್ತು. ನೀನು ಹುಟ್ಟಿದಾಗಿಂದ ಬಲಗೈನವ.’

ನಾನು ಎಡಗಡೆಯ ಕಪ್ಪನ್ನು ನೋಡಿದೆ. ಹಿಡಿ ಎಡಕ್ಕಿತ್ತು.

‘ಹಂಗಾದ್ರೆ ಇದನ್ನ ಯಾಕೆ ದಿನಾ ಈ ಕಡೆ ಇಡ್ತೀಯ?’

‘ಅದು ನಿಂಗೆ ಇಡಾದಲ್ಲ ಕಣಾ,’ ಎಂದಳು ಅವ್ವ. ‘ಅವಂಗೆ. ನೀನು ಎಳ್ಕಂಡು ಕುಡಿತೀಯ. ಕುಡೀಲಿ, ತಮ್ಮನೇ ಅಲ್ವಾ ಅಂತ ಬಿಡ್ತೀನಿ.’

ಕಪ್ಪಿನ ಕಡೆಗೆ ಹೋಗಿದ್ದ ನನ್ನ ಕೈ ಅರ್ಧದಲ್ಲೇ ನಿಂತಿತು. ಹಾಲು, ಕಾಫಿ, ಚಹಾ, ಪರೀಕ್ಷೆಯ ಬೆಳಿಗ್ಗೆಗಳ ಬೋರ್ನ್‌ವಿಟಾ, ಎಲ್ಲವನ್ನೂ ಅಣ್ಣನ ಮುಂದಿನಿಂದ ಎಳೆದುಕೊಂಡು ಕುಡಿದಿದ್ದೆ. ಅವನು ಒಂದು ದಿನವೂ ಜಗಳ ತೆಗೆದಿಲ್ಲ. ಅಳು ಬಂತು. ಅತ್ತೆ. (ಸೆರಗು ಇರಲಿಲ್ಲ, ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ.)

ಅವ್ವ ಅಳಲಿಲ್ಲ. ಅಡುಗೆಮನೆಗೆ ಹೋದಳು. ಪಾತ್ರೆ ಸದ್ದಾಯಿತು, ಸ್ಟವ್ ಹೊತ್ತಿಸಿದ ಸದ್ದಾಯಿತು. ಹತ್ತು ನಿಮಿಷಕ್ಕೆ ಇನ್ನೊಂದು ಕಪ್ಪು ಬಂತು. ಅದನ್ನು ಮೌಸಿನ ಪಕ್ಕ, ಬಲಗಡೆ ಇಟ್ಟಳು. ಹಿಡಿಯನ್ನು ಬಲಕ್ಕೆ ತಿರುಗಿಸಿದಳು. ‘ಇದು ನಿಂದು. ಇನ್ಮೇಲೆ ಅವಂದು ಮುಟ್ಟಬೇಡ,’ ಎಂದು ಹೇಳಿ ಅವರೆಕಾಯಿಗೆ ವಾಪಸ್ ಹೋದಳು.

೮

ಈಗ ನಾಲ್ಕು ಐವತ್ತೊಂದು. ಸಿನಾಪ್ಸಿಸ್‌ನಲ್ಲಿ ಪ್ರಾಬ್ಲಂ ಎಂಬ ಶೀರ್ಷಿಕೆಯ ಕೆಳಗೆ ಒಂದು ಸಾಲು ಬರೆದಿದ್ದೇನೆ: ಎರಡು ಸಾಲುಗಳು ಪೂರ್ತಿ ಒಂದೇ ಆಗಿದ್ದಾಗ, ಅವು ಇಬ್ಬರೆಂದು ಹೇಳಬಲ್ಲವರು ಯಾರು? ರೇಣುಕಾಪ್ರಸಾದ್ ಸರ್ ಇದನ್ನು ನಾಲ್ಕನೇ ಸಲ ವಾಪಸ್ ಕಳಿಸಬಹುದು, ಕಳಿಸದೆಯೂ ಇರಬಹುದು. ಪಟ್ಟಿಗೆ ‘ಎಡಗೈ/ಬಲಗೈ’ ಎಂದು ಹೊಸ ಕಾಲಂ ಒಂದನ್ನು ಸೇರಿಸಿದ್ದೇನೆ. ಆ ಕಾಲಮಿನ ಎಂಟುನೂರ ಹನ್ನೆರಡು ಮನೆಗಳಲ್ಲಿ ಎರಡು ಮಾತ್ರ ತುಂಬಿವೆ. ಉಳಿದ ಹತ್ತು ಅಜ್ಜಿ ಮನೆಗಳಲ್ಲಿ ಯಾವ ನಾಲ್ಕು ನಿಜ ಎಂದು ಈಶ್ವರಮ್ಮನನ್ನು ಕೇಳಲು ಭಾನುವಾರ ಬಸ್ಸು ಹತ್ತಬೇಕು. ದಿವ್ಯಳನ್ನೂ ಕರೆದುಕೊಂಡು ಹೋಗುತ್ತೇನೆ, ಬಂದರೆ.

ಮೇಲ್ ಹೋಯಿತಾ ಎಂದು ಕೇಳಬೇಡಿ. ಕಥೆ ಮುಗಿಯಿತಾ ಎಂದೂ ಕೇಳಬೇಡಿ. ಮುಗಿಯಿತು ಎಂದು ಬರೆಯಲು ನನಗೂ ಕೈ ಬರುತ್ತಿಲ್ಲ. ಬಲಗಡೆಯ ಚಹಾ ಇನ್ನೂ ಬಿಸಿ ಇದೆ, ಕುಡಿದು ಬರುತ್ತೇನೆ.

(ಎಡಗಡೆಯದು ಆರುತ್ತಿದೆ. ಆರಲಿ. ಅದನ್ನು ನೀವೂ ಮುಟ್ಟಬೇಡಿ.)